ಕೆಂಪಗೆ ಕಾದ ತಾಮ್ರದ ಲೆಕ್ಕ

ಎಂಬತ್ತರ ದಶಕದ ಕೊನೆಯಲ್ಲಿ ನಾನು ದಿನಾ ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ಕೊನೆಯ ವರ್ಷದ ಭೌತಶಾಸ್ತ್ರ ಪರೀಕ್ಷೆಗೆ ಒಬ್ಬೊಬ್ಬರೂ ತಮ್ಮದೇ ಒಂದು ಪ್ರಯೋಗ ಮಾಡಿ ತೋರಿಸಬೇಕಿತ್ತು. ಎಲ್ಲರೂ ಸುಲಭದ್ದನ್ನು ಹಿಡಿದರು. ನಾನು ಹುಟ್ಟಾ ಮೊಂಡಿ. ಹುಣಸೆ ಬೀಜದಷ್ಟು ತಾಮ್ರದ ಚೂರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕುತ್ತೇನೆ, ನೀರು ಎಷ್ಟು ಬಿಸಿಯಾಯಿತೋ ನೋಡಿ ತಾಮ್ರ ಒಂದೊಂದು ಡಿಗ್ರಿಗೆ ಎಷ್ಟು ಶಾಖ ಹಿಡಿಯುತ್ತದೆಂದು ಲೆಕ್ಕ ಹಾಕುತ್ತೇನೆ ಎಂದೆ.

ತಿಂಗಳಾದರೂ ಲೆಕ್ಕ ಕೂಡಲಿಲ್ಲ. ಇಕ್ಕಳದಲ್ಲಿ ಹಿಡಿದು ನೀರಿನ ಬಳಿ ಒಯ್ಯುವಷ್ಟರಲ್ಲಿ ಆ ಚೂರು ಆರಿ ಕಪ್ಪಾಗುತ್ತಿತ್ತು. ಇವತ್ತೊಂದು ಉತ್ತರ, ನಾಳೆ ಇನ್ನೊಂದು. ನಾನು ಫೇಲಾದೇನೆಂದು ಹೆದರಿದ ನಮ್ಮ ಮೇಷ್ಟ್ರು ಪುಸ್ತಕದಲ್ಲಿರುವ ಅಂಕಿಯನ್ನೇ ಬರೆದುಬಿಡು ಎಂದರು. ನನಗೆ ಮೈಯೆಲ್ಲ ಉರಿಯಿತು.

ಅಪ್ಪ ಪತ್ತಾರ, ಅಂದರೆ ಅಕ್ಕಸಾಲಿ. ಮನೆಯಲ್ಲಿ ಮೂಗುತಿ ಬೆಸೆಯುತ್ತ ಕೂತಿದ್ದ. ನನ್ನ ಗೋಳು ಕೇಳಿ, ತಲೆ ಎತ್ತದೆ ಹೇಳಿದ:

"ಬೆಂಕೀನ ಯಾಕ ನೀರಿನತನಕ ಹೊರ್ತಿಬೇ? ನೀರನ್ನ ಬೆಂಕಿ ಹತ್ರ ತಗೊಂಡ್ ಬಾ."

ಇಕ್ಕಳವೇ ಅರ್ಧ ಶಾಖ ತಿನ್ನುತ್ತದೆ, ಕೂದಲೆಳೆಯಂಥ ತಂತಿಗೆ ಕಟ್ಟು ಎಂದೂ ಹೇಳಿಕೊಟ್ಟ. ಚೂರಿನ ಪಕ್ಕ ಚಿಟಿಕೆ ಉಪ್ಪಿಡು, ಅದು ಕರಗಿತೆಂದರೆ ಹದ ಬಂತು ಎಂದ. ಪುಸ್ತಕ ತೆರೆದೆ: ಉಪ್ಪು ಕರಗುವುದು ಎಂಟುನೂರು ಡಿಗ್ರಿಗೆ. ಅಪ್ಪನ ಪುಟ್ಟ ಅಗ್ಗಿಷ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದೆ. ಲಿಂಗಸುಗೂರಿನ ಗೆಳತಿಯೊಬ್ಬಳು ತನ್ನ ಕಾಲೇಜಿನಿಂದ ಸೂಕ್ಷ್ಮ ಥರ್ಮಾಮೀಟರ್ ಕೇಳಿ ತಂದುಕೊಟ್ಟಳು. ಮೂರು ಸಲ ಮಾಡಿದೆ. ಮೂರು ಸಲವೂ ಹೆಚ್ಚುಕಡಿಮೆ ಅದೇ ಉತ್ತರ, ಆದರೆ ಪುಸ್ತಕದ್ದಕ್ಕಿಂತ ಜಾಸ್ತಿ. ಬಂದದ್ದನ್ನೇ ಬರೆದೆ.

ಹೊರಗಿನಿಂದ ಬಂದ ಪರೀಕ್ಷಕರು ಹುಬ್ಬು ಗಂಟಿಕ್ಕಿ, ಇದು ತಪ್ಪಲ್ಲವೇ ಎಂದರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು.

"ಪುಸ್ತಕದ್ದು ಕುದಿಯೋ ನೀರಾಗ ಕಾಸಿದ ತಾಮ್ರದ್ದು ರೀ ಸರ್. ನಂದು ಕೆಂಪಗ ಕಾದದ್ದು. ಜಾಸ್ತಿ ಕಾದಷ್ಟು ತಾಮ್ರ ಒಂದೊಂದ್ ಡಿಗ್ರಿಗೂ ಜಾಸ್ತಿ ಶಾಖ ಹಿಡೀತೈತಿ."

ತಮ್ಮೆದುರೇ ಮಾಡು ಎಂದರು. ನೀರನ್ನು ಅಗ್ಗಿಷ್ಟಿಗೆಯ ಪಕ್ಕಕ್ಕೇ ಇಟ್ಟು ಕೆಂಡ ಊದಿದೆ. ಉಪ್ಪು ಕರಗಿತು, ಚೂರು ನೀರಿಗೆ ಚುಂಯ್ ಎಂದು ಇಳಿಯಿತು. ಪಾದರಸ ಏರಿ ನಾನು ಬರೆದಿದ್ದ ಗೆರೆಯ ಹತ್ತಿರವೇ ನಿಂತಿತು. ಅವರು ಕನ್ನಡಕ ತೆಗೆದು ಇನ್ನೊಮ್ಮೆ ನೋಡಿ, ಪೂರ್ತಿ ಅಂಕ ಹಾಕಿದರು. ಈ ಕೈಚಳಕ ಯಾರು ಕಲಿಸಿದರು ಎಂದು ಕೇಳಿದರು.

ಕಾಲೇಜು ಸೇರಿದಾಗಿನಿಂದ ಅಪ್ಪನಿಗೆ ಅಂಗಡಿ ಇದೆ ಎಂದಷ್ಟೇ ಹೇಳಿಕೊಂಡು ಬಂದವಳು ನಾನು. ಅವತ್ತು ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದೆ:

"ನಮ್ಮಪ್ಪ ರೀ ಸರ್. ಮಸ್ಕ್ಯಾಗ ಪತ್ತಾರಕಿ ಮಾಡ್ತಾನ. ಸಾಲಿ ಕಲ್ತಿಲ್ಲ."