ಮೋಡದೊಳಗೆ ಮೈ ಹೇಳಿದ್ದು

ನನ್ನ ಗಂಡ ವಿಮಾನದ ಕ್ಯಾಪ್ಟನ್ ಆಗಿದ್ದಷ್ಟು ಕಾಲ ನಮ್ಮ ಮನೆಯಲ್ಲಿ ವಿಮಾನದ ಮಾತು ಬರುತ್ತಿದ್ದುದೇ ಕಡಿಮೆ. ಸಿಂಗಸಂದ್ರದಲ್ಲಿ ನಮ್ಮ ಫ್ಲ್ಯಾಟು, ವಿಮಾನ ನಿಲ್ದಾಣ ಊರಿನ ಆ ತುದಿಗೆ. ಹೊಸೂರು ರಸ್ತೆ, ಸಿಲ್ಕ್ ಬೋರ್ಡ್ ದಾಟಿ ಅಲ್ಲಿಗೆ ಮುಟ್ಟುವುದೇ ತಮ್ಮ ಕೆಲಸದ ಕಷ್ಟದ ಭಾಗ ಎಂದು ಅವರು ನಗುತ್ತಿದ್ದರು. ನಾವಿಬ್ಬರೂ ಹಾವೇರಿ ಕಡೆಯವರು. ನಾನು ಬೊಮ್ಮಸಂದ್ರದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಮನೆಯಲ್ಲಿ ಅತ್ತೆ ಮತ್ತು ಹೈಸ್ಕೂಲಿಗೆ ಹೋಗುವ ಮಗಳು.

ಮದುವೆ, ಗೃಹಪ್ರವೇಶಗಳಿಗೆ ಹೋದಾಗ ನೆಂಟರು ಅವರನ್ನು ಸುತ್ತುವರಿದು ಕೂರುತ್ತಿದ್ದರು. ಅಷ್ಟು ದೊಡ್ಡ ವಿಮಾನ ಒಬ್ಬರೇ ಹೆಂಗ ನಡೆಸ್ತೀರಿ ಎಂದು ಕೇಳುತ್ತಿದ್ದರು.

"ನಾ ಎಲ್ಲಿ ನಡೆಸ್ತೀನಿ?" ಎನ್ನುತ್ತಿದ್ದರು ಇವರು. "ಏರೂದು ಇಳಿಯೂದು ಬಿಟ್ರ ಉಳಿದದ್ದೆಲ್ಲಾ ಅದೇ ನೋಡ್ಕೊಂತೈತಿ. ನಾವು ಅದನ್ನ ನೋಡ್ಕೊಂತ ಕೂಡೂದು."

ಹೇಳುವುದು ತಮಾಷೆಗೇ ಆದರೂ ಮಾತು ಸುಳ್ಳಾಗಿರಲಿಲ್ಲ. ನೆಲ ಬಿಟ್ಟು ಸ್ವಲ್ಪ ಮೇಲೇರುತ್ತಲೇ, ವಿಮಾನವನ್ನು ತಾನೇ ನಡೆಸುವ ಆಟೋಪೈಲಟ್ ಹಾಕಿಬಿಡಬೇಕು ಎಂಬುದು ಕಂಪನಿಯ ರೂಢಿ. ಇಂಧನ ಉಳಿಯುತ್ತದೆ, ಪ್ರಯಾಣಿಕರಿಗೆ ಕುಲುಕಾಟ ತಿಳಿಯುವುದಿಲ್ಲ. ಕೈಯಲ್ಲೇ ಹಾರಿಸಿದವರು ಚೂರು ಹೆಚ್ಚುಕಮ್ಮಿ ಮಾಡಿದರೂ ಯಂತ್ರ ಅದನ್ನು ದಾಖಲಿಸಿಕೊಳ್ಳುತ್ತದೆ, ಆಫೀಸಿನಿಂದ ಫೋನು ಬರುತ್ತದೆ. ಯಾರಿಗೆ ಬೇಕು ಅದು? ಹೀಗೆ ವರ್ಷಗಳು ಹೋದವು. ಬಿಳಿ ಅಂಗಿ ಇಸ್ತ್ರಿ ಮಾಡಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಅವರಿಗೆ ಜೋಳದ ರೊಟ್ಟಿ ಕಟ್ಟಿಕೊಡುವುದು, ಇಷ್ಟೇ ನನಗೆ ಗೊತ್ತಿದ್ದ ವಿಮಾನಯಾನ.

ಅದು ಮಳೆಗಾಲ. ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದಾಗ ಅವರ ಫೋನು ಬಂತು.

"ನಾ ಅರಾಮ ಅದೀನಿ. ಟೀವಿ ಹಚ್ಚಬ್ಯಾಡ. ಅವ್ವಗೂ ಹೇಳಬ್ಯಾಡ," ಎಂದರು.

"ಯಾಕ್ರಿ, ಏನಾತು?"

"ಬಂದು ಹೇಳ್ತೀನಿ."

ಮಾರನೆಯ ದಿನ ಸಂಜೆ ಬಂದರು. ಸಮವಸ್ತ್ರವನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದರು. ಅತ್ತೆ ಅವರ ಹಣೆಗೆ ವಿಭೂತಿ ಹಚ್ಚಿದರು. ಊಟಕ್ಕೆ ಕೂತವರು ತಟ್ಟೆಯನ್ನು ನೋಡುತ್ತ ಕೂತರೇ ಹೊರತು ತುತ್ತು ಎತ್ತಲಿಲ್ಲ. ಆ ವಾರವೆಲ್ಲ ಅವರು ಚೂರುಚೂರಾಗಿ ಹೇಳಿದ್ದನ್ನು ನಾನು ಜೋಡಿಸಿಕೊಂಡದ್ದು ಹೀಗೆ.

ವಿಮಾನ ದಟ್ಟ ಮೋಡದೊಳಗೆ ಮೇಲೇರುತ್ತಿತ್ತು. ಕಿಟಕಿಯ ಹೊರಗೆ ಬರೀ ಬೂದು ಬಣ್ಣ. ವೇಗ ಅಳೆಯುವ ಒಂದು ಸಾಧನ ಕ್ಷಣಹೊತ್ತು ತಪ್ಪು ಲೆಕ್ಕ ಕೊಟ್ಟಿತು. ಅದರಿಂದ ಗಲಿಬಿಲಿಗೊಂಡ ಆಟೋಪೈಲಟ್ ತಾನಾಗಿ ಕೈಬಿಟ್ಟಿತು. ಎಚ್ಚರಿಕೆಯ ಗಂಟೆ ಬಡಿಯಿತು, ಅದರ ಜೊತೆಗೇ ಇನ್ನೂ ಎರಡು ಮೂರು ಸದ್ದುಗಳು. ಇವರು ಗುಂಡಿ ಒತ್ತಿ ಸದ್ದು ನಿಲ್ಲಿಸಿದರು. ಯಾವುದು ಕೆಟ್ಟಿದೆ ಎಂದು ಇವರೂ ಪಕ್ಕದಲ್ಲಿದ್ದ ಕೋಪೈಲಟ್ ಹುಡುಗಿಯೂ ತಲೆ ತಗ್ಗಿಸಿ ಪರದೆಯ ಮೇಲೆ ಹುಡುಕತೊಡಗಿದರು. ವಿಮಾನವನ್ನು ಆಟೋಪೈಲಟ್ಟೇ ಹಿಡಿದುಕೊಂಡಿದೆ ಎಂಬುದು ಇವರ ಮೈಗೆ ಅಭ್ಯಾಸವಾಗಿ ಹೋಗಿತ್ತು. ಅಷ್ಟು ಹೊತ್ತು ಅದನ್ನು ಹಿಡಿದವರು ಯಾರೂ ಇರಲಿಲ್ಲ.

ವಿಮಾನ ಮೆಲ್ಲಗೆ ಎಡಕ್ಕೆ ವಾಲಿತು. ಬಹಳ ಮೆಲ್ಲಗೆ ವಾಲಿದ್ದರಿಂದ ಕೂತವರ ಮೈಗೆ ಅದು ತಿಳಿಯಲೇ ಇಲ್ಲ. ಮೂತಿ ಕೆಳಗಾಯಿತು, ವೇಗ ಏರಿತು.

"ಸರ್, ಬ್ಯಾಂಕ್," ಎಂದಳು ಹುಡುಗಿ. ವಾಲಿದ್ದೇವೆ ಎಂದರ್ಥ.

ಇವರು ತಲೆ ಎತ್ತಿದರು. ಪರದೆಯ ಮೇಲೆ ನೆಲ ಮತ್ತು ಆಕಾಶದ ನಡುವಿನ ಗೆರೆ ಓರೆಯಾಗಿ ನಿಂತಿತ್ತು. ಇವರ ಮೈ ಮಾತ್ರ, ನೆಟ್ಟಗೆ ಕೂತಿದ್ದೇನೆ, ಎಲ್ಲ ಸರಿಯಿದೆ ಎನ್ನುತ್ತಿತ್ತು. ಆದರೂ ಬಲಕ್ಕೆ ತಿರುಗಿಸಿದರು. ತಿರುಗಿಸಿದ ಕೂಡಲೇ ವಿಮಾನ ಬಲಕ್ಕೆ ಮಗುಚಿಬಿಡುತ್ತಿದೆ ಅನ್ನಿಸಿತು. ಎಷ್ಟು ಬಲವಾಗಿ ಅನ್ನಿಸಿತೆಂದರೆ ಕೈ ತಾನಾಗಿ ಮತ್ತೆ ಎಡಕ್ಕೆ ಹೋಯಿತು. ಕೆಟ್ಟಿರುವುದು ಈ ಪರದೆಯೇ ಇರಬೇಕು ಎಂದುಕೊಂಡರು. ಇಳಿಯುತ್ತಿದ್ದೇವೆಂದು ಮೂತಿ ಎತ್ತಲು ಹಿಡಿಕೆ ಎಳೆದರು. ವಾಲಿದ ವಿಮಾನವನ್ನು ಹಾಗೆ ಎಳೆದರೆ ಅದು ಮೇಲೇಳುವುದಿಲ್ಲ, ಸುತ್ತು ಇನ್ನೂ ಬಿಗಿಯಾಗುತ್ತದೆ.

ಹುಡುಗಿ ಮತ್ತೊಮ್ಮೆ ಹೇಳಿದಳು. ಆಮೇಲೆ, "ನನ್ನ ಕೈಗೆ ಬಿಡಿ ಸರ್," ಎಂದು ತಾನೇ ಹಿಡಿದು, ಹಿಡಿಕೆಯನ್ನು ಮುಂದಕ್ಕೆ ತಳ್ಳಿ ರೆಕ್ಕೆಗಳನ್ನು ಸಮ ಮಾಡಿ, ಆನಂತರ ಎಳೆದಳು. ಮೋಡದ ತಳ ಹರಿದಾಗ ಕೆಳಗೆ ಹಸಿರು ಗದ್ದೆಗಳು, ಒಂದು ಕೆರೆ, ರಸ್ತೆಯ ಮೇಲಿದ್ದ ಲಾರಿ ಸಹ ಕಂಡಿತಂತೆ. ಲಾರಿ ಕಾಣುವಷ್ಟು ಕೆಳಗೆ ಬಂದಿದ್ದರು.

ಪ್ರಯಾಣಿಕರೆಲ್ಲ ಬೆಲ್ಟು ಕಟ್ಟಿಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಮಗುವೊಂದು ವಾಂತಿ ಮಾಡಿಕೊಂಡಿತೆಂದು ತಾಯಿ ಕರೆದಿದ್ದಕ್ಕೆ ಗಗನಸಖಿಯೊಬ್ಬಳು ಎದ್ದಿದ್ದಳು. ವಿಮಾನ ಅವಳನ್ನು ಮೊದಲು ನೆಲಕ್ಕೆ ಒತ್ತಿ, ಆಮೇಲೆ ಚಾವಣಿಗೆ ಎಸೆದು ಕೆಳಕ್ಕೆ ಕೆಡವಿತ್ತು. ಬೆನ್ನುಮೂಳೆ ಮುರಿಯಿತು.

ಇಷ್ಟು ಕೇಳಿದ ಮೇಲೂ ನನಗೊಂದು ವಿಷಯ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಅನ್ನುವುದಕ್ಕಿಂತ, ಒಳಗೊಳಗೇ ಅವರ ಮೇಲೆ ಸಿಟ್ಟಿತ್ತು.

"ಕಣ್ಣೆದುರಿಗೆ ಇಷ್ಟು ದೊಡ್ಡದಾಗಿ ತೋರಿಸಾಕತ್ತಿತ್ತಲ್ರಿ. ನೋಡಿದ ಮ್ಯಾಲೂ ಹೆಂಗ ನಂಬಲಿಲ್ಲ ನೀವು?" ಎಂದು ಒಂದು ಭಾನುವಾರ ಕೇಳಿಯೇಬಿಟ್ಟೆ.

ಅವರು ಮಗಳ ಕೋಣೆಯಿಂದ ಓದುವ ಮೇಜಿನ ತಿರುಗುಕುರ್ಚಿಯನ್ನು ತಳ್ಳಿಕೊಂಡು ಬಂದರು. ನನ್ನನ್ನು ಕೂರಿಸಿ ಕಣ್ಣಿಗೆ ಟವೆಲ್ ಕಟ್ಟಿದರು.

"ಯಾವ ಕಡೆ ತಿರುಗಾಕತ್ತೀ ಅನ್ನಿಸ್ತೈತೋ ಆ ಕಡೆ ಹೆಬ್ಬೆಟ್ಟು ತೋರಿಸು," ಎಂದು ಕುರ್ಚಿಯನ್ನು ಒಂದೇ ಹದದಲ್ಲಿ ತಿರುಗಿಸತೊಡಗಿದರು. ಬಲಕ್ಕೆ ತಿರುಗುತ್ತಿದ್ದೆ, ಬಲಕ್ಕೆ ತೋರಿಸಿದೆ. ಸ್ವಲ್ಪ ಹೊತ್ತಿಗೆ ಕುರ್ಚಿ ನಿಧಾನವಾಯಿತು, ಆಮೇಲೆ ನಿಂತಿತು. ಹೆಬ್ಬೆಟ್ಟನ್ನು ನೆಟ್ಟಗೆ ಮಾಡಿದೆ.

"ಅಮ್ಮಾ, ನೀನಿನ್ನೂ ತಿರುಗ್ತಾ ಇದೀಯ," ಎಂದಳು ಮಗಳು. ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡೆ. ಅಷ್ಟರಲ್ಲಿ ಕುರ್ಚಿ ಎಡಕ್ಕೆ ಜೋರಾಗಿ ತಿರುಗತೊಡಗಿತು. ಎಡಕ್ಕೆ ತೋರಿಸಿದೆ, ಬೀಳುತ್ತೇನೆಂದು ಇನ್ನೊಂದು ಕೈಯಿಂದ ಕುರ್ಚಿಯ ತೋಳನ್ನು ಹಿಡಿದುಕೊಂಡೆ.

"ಈಗ ಎತ್ತಾಗ ಹೊಂಟೀದಿ?"

"ಎಡಕ್ಕ. ನಿಲ್ಲಿಸ್ರಿ, ತಲಿ ತಿರುಗಾಕತ್ತೈತಿ."

ಅವರು ಟವೆಲ್ ಬಿಚ್ಚಿದರು. ಕುರ್ಚಿ ನಿಂತಿತ್ತು. ಅವರ ಕಾಲು ಅದಕ್ಕೆ ಅಡ್ಡವಾಗಿತ್ತು. ಮಗಳು ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಕಣ್ಣು ಬಿಟ್ಟ ಮೇಲೂ ಗೋಡೆಯ ಗಡಿಯಾರ ಸ್ವಲ್ಪ ಹೊತ್ತು ಜಾರುತ್ತಲೇ ಇತ್ತು.

"ಕಿವಿಯೊಳಗಿನ ನೀರು ಹೇಳೂ ಸುಳ್ಳು ಇದು," ಎಂದರು. "ಇದು ಹಿಂಗ ಸುಳ್ಳು ಹೇಳ್ತೈತಿ ಅಂತ ನನಗ ತರಬೇತಿಯೊಳಗ ಕಲಿಸಿದ್ರು. ಪರೀಕ್ಷೆಯೊಳಗ ಬರದು ಪಾಸೂ ಆಗೀನಿ. ಆದ್ರ ಆವತ್ತು ಅದು ಸುಳ್ಳು ಅಂತ ಅನಿಸಲೇ ಇಲ್ಲ."

ಆಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ. ಅದೇ ದಿನಗಳಲ್ಲಿ ನಮ್ಮ ಕಾರ್ಖಾನೆಯಲ್ಲಿ ಇಂಜೆಕ್ಷನ್ ಸೀಸೆಗಳನ್ನು ತಪಾಸಣೆ ಮಾಡುವ ಕ್ಯಾಮೆರಾ ಕೆಟ್ಟಿತು. ಹಿಂದೆ ಆ ಸೀಸೆಗಳನ್ನು ಬೆಳಕಿಗೆ ಹಿಡಿದು, ಒಳಗೆ ಕಸದ ಎಳೆಯಿದೆಯೇ ಎಂದು ಕಣ್ಣಲ್ಲೇ ನೋಡುತ್ತಿದ್ದರು. ಕ್ಯಾಮೆರಾ ಬಂದ ಮೇಲೆ ಹಸಿರು ದೀಪ ನೋಡಿದರೆ ಸಾಕಾಗಿತ್ತು. ಮತ್ತೆ ಕಣ್ಣಲ್ಲಿ ನೋಡಿ ಎಂದಾಗ, ಎಳೆ ಇದೆಯೆಂದು ಗೊತ್ತಿದ್ದ ಮಾದರಿ ಸೀಸೆಗಳಲ್ಲೂ ನಾನೂ ಸೇರಿ ಯಾರಿಗೂ ಎಳೆಗಳು ಕಾಣಲೇ ಇಲ್ಲ. ಕಣ್ಣಿನ ಅಭ್ಯಾಸ ಯಾವಾಗ ತಪ್ಪಿತೆಂದು ಯಾರಿಗೂ ಗೊತ್ತಿರಲಿಲ್ಲ. ನಾವು ಆ ದಿನದ ಸೀಸೆಗಳನ್ನೆಲ್ಲ ತಡೆಹಿಡಿದೆವು. ಹಾಗೆ ತಡೆಹಿಡಿಯಲು ನಮಗೆ ಸಮಯವಿತ್ತು.

ಗಗನಸಖಿಯ ಮನೆ ಪೀಣ್ಯದಲ್ಲಿ. ತಂದೆ ಲೇಥ್ ಅಂಗಡಿಯಲ್ಲಿ ಕೆಲಸಕ್ಕಿದ್ದರು, ತಾಯಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮಗಳನ್ನು ನೋಡಿಕೊಳ್ಳುತ್ತಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆಂದು ತಿಳಿದಾಗ ಇವರು ಹೋಗುತ್ತೇನೆಂದರು. ಹೋಗಬೇಡಿ, ವಿಚಾರಣೆ ನಡೆಯುತ್ತಿದೆ ಎಂದು ಸಹೋದ್ಯೋಗಿಗಳು ಹೇಳಿದ್ದರು. ಆದರೂ ಇವರು ಹೊರಟರು, ನಾನೂ ಜೊತೆಗೆ ಹೋದೆ.

ಹೊರಕೋಣೆಯಲ್ಲೇ ಮಂಚ ಹಾಕಿದ್ದರು. ಸೊಂಟದ ಕೆಳಗೆ ಅವಳಿಗೆ ಸ್ಪರ್ಶವಿರಲಿಲ್ಲ. ಕೂದಲನ್ನು ಡ್ಯೂಟಿಗೆ ಹೋಗುವಾಗಿನಂತೆಯೇ ಬಿಗಿಯಾಗಿ ಗಂಟು ಕಟ್ಟಿಕೊಂಡಿದ್ದಳು. ತಾಯಿ ಕಾಫಿ ತಂದಿಟ್ಟು, ನಮ್ಮ ಮುಖ ನೋಡದೆ ಒಳಗೆ ಹೋದರು.

ಸ್ವಲ್ಪ ಹೊತ್ತು ಅದೂ ಇದೂ ಮಾತಾದ ಮೇಲೆ ಅವಳು, "ಕ್ಯಾಪ್ಟನ್, ಒಂದ್ ಕೇಳ್ಲಾ? ನಿಮಗೆ ಆಗ ಏನ್ ಕಾಣಿಸ್ತು?" ಎಂದಳು.

"ಸರಿಯಾಗೇ ಕಾಣಿಸ್ತಮ್ಮ. ನಾನು ನಂಬಲಿಲ್ಲ."

ಅವಳು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡುತ್ತಿದ್ದಳು. "ನಂಗೆ ಯಾವುದ್ ಮೇಲೆ ಯಾವುದ್ ಕೆಳಗೆ ಅಂತ್ಲೇ ಗೊತ್ತಾಗ್ಲಿಲ್ಲ ಸರ್. ನಾನು ಕಾರ್ಪೆಟ್ ಮೇಲೆ ಬಿದ್ದಿದೀನಿ ಅಂದ್ಕೊಂಡೆ. ಅದು ಸೀಲಿಂಗು," ಎಂದಳು.

ತಂದೆ ಬಾಗಿಲಲ್ಲಿ ನಿಂತಿದ್ದರು. ನಾವು ಹೊರಟಾಗ ಗೇಟಿನ ತನಕ ಬಂದು, "ಎಲ್ರೂ ಮಿಸೀನ್ ಮಿಸೀನ್ ಅಂತಾರೆ ಸಾರ್. ಅಂಗಾರೆ ನಿಮ್ಮುನ್ನ ಯಾಕ್ ಕೂರುಸ್ತಾರೆ ಅಲ್ಲಿ?" ಎಂದು ಕೇಳಿದರು. ಬೈಗುಳವಾಗಿ ಕೇಳಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದರು. ಆಮೇಲೂ ನಾವು ಆಗಾಗ ಹೋಗುತ್ತಿದ್ದೆವು. ತಾಯಿ ಕೊನೆಯವರೆಗೂ ಇವರೊಂದಿಗೆ ಮಾತಾಡಲಿಲ್ಲ, ಆದರೆ ಕಾಫಿ ಕೊಡುವುದನ್ನು ತಪ್ಪಿಸಲಿಲ್ಲ.

ವಿಚಾರಣೆ ಮುಗಿಯಿತು. ಸಾಧನದ ದೋಷವೆಂದೂ ಪೈಲಟ್‌ಗೆ ದಿಕ್ಕು ತಪ್ಪಿತ್ತೆಂದೂ ಎರಡನ್ನೂ ಬರೆದರು. ಮತ್ತೆ ತರಬೇತಿ ಪಡೆದು ಪರೀಕ್ಷೆ ಕೊಟ್ಟರೆ ಹಾರಬಹುದು ಎಂದಾಯಿತು. ವೈಟ್‌ಫೀಲ್ಡ್ ಕಡೆಯ ಒಂದು ಕೇಂದ್ರದಲ್ಲಿ ಸಿಮ್ಯುಲೇಟರ್ ಇತ್ತು. ಹೊರಗಿನಿಂದ ಗೋದಾಮಿನಂಥ ಕಟ್ಟಡ, ಒಳಗೆ ಉದ್ದುದ್ದ ಕಾಲುಗಳ ಮೇಲೆ ಕುಲುಕುವ, ವಿಮಾನದ ಮುಂಭಾಗದ ನಕಲಿನಂಥ ಡಬ್ಬಿ. ನಾನೇ ಕಾರಿನಲ್ಲಿ ಬಿಟ್ಟು ಕೆಳಗೆ ಕಾಯುತ್ತಿದ್ದೆ. ಎಲ್ಲವನ್ನೂ ಇವರು ಸರಿಯಾಗಿ ಮಾಡಿದರು, ಕೈಯಲ್ಲೇ ಹಾರಿಸಿದರು, ಪಾಸಾದರು.

"ಚೆನ್ನಾಗ್ ಮಾಡಿದ್ರು ಮೇಡಂ," ಎಂದರು ತರಬೇತಿ ಕೊಟ್ಟವರು. "ಆದ್ರೆ ಇದರೊಳಗೆ ಕೂತಿರೋರಿಗೆ ಏನೋ ಆಗುತ್ತೆ ಅಂತ ಮೊದ್ಲೇ ಗೊತ್ತಿರುತ್ತೆ. ಅದೊಂದನ್ನ ನಾವು ಇಲ್ಲಿ ಮಾಡಿ ತೋರ್ಸಕ್ಕಾಗಲ್ಲ."

ಇವರು ಮತ್ತೆ ಹಾರಲು ಹೋದರು. ಬಂದ ಮೇಲೆ ಸುಮ್ಮನೆ ಮಲಗುತ್ತಿದ್ದರು. ಮೋಡ ಹೊಕ್ಕಾಗಲೆಲ್ಲ ವಿಮಾನ ಎಡಕ್ಕೆ ವಾಲಿದೆ ಅನ್ನಿಸುತ್ತದೆ ಎಂದು ಒಂದು ದಿನ ಹೇಳಿದರು. "ಪರದೇ ನೋಡಿದ್ರ ಸಮ ಐತಿ. ನನಗ ಗೊತ್ತೈತಿ ಸಮ ಐತಿ ಅಂತ. ಅದನ್ನೇ ನೋಡ್ಕೊಂತ ಕೂತು ರೇಡಿಯೋದಾಗ ಕರೆದದ್ದು ಕೇಳಿಸಲಿಲ್ಲ ನಿನ್ನೆ. ಮೊದಲು ಯಂತ್ರಾನ ಪೂರಾ ನಂಬಿದ್ದೆ. ಈಗ ಅದನ್ನೂ ನಂಬವಲ್ಲೆ, ನನ್ನನ್ನೂ ನಂಬವಲ್ಲೆ."

"ಹಂಗಾದ್ರ ಬಿಡ್ರಿ," ಎಂದೆ.

"ಬಿಟ್ಟು ಏನ್ ಮಾಡ್ಲಿ?"

ಆ ಮಾತು ಅಲ್ಲಿಗೇ ನಿಂತಿತ್ತು. ಅಷ್ಟರಲ್ಲಿ ಪೀಣ್ಯದ ಹುಡುಗಿಗೆ ಮಲಗಿ ಮಲಗಿ ಆದ ಬೆನ್ನಿನ ಹುಣ್ಣು ಕೀವಾಗಿ ನಂಜು ರಕ್ತಕ್ಕೆ ಏರಿತು. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಒಂದು ಬೆಳಿಗ್ಗೆ ಅವಳ ತಂದೆ ಫೋನ್ ಮಾಡಿ, "ಓಗ್ಬುಟ್ಲು ಸಾರ್," ಎಂದಷ್ಟೇ ಹೇಳಿದರು.

ನಾವು ಹೋದಾಗ ಗಲ್ಲಿ ತುಂಬ ಜನ. ವಿಮಾನದಲ್ಲಿ ಅವಳ ಜೊತೆಗಿದ್ದ ಹುಡುಗಿಯರು ಬಂದಿದ್ದರು. ಹೆಣ ಎತ್ತುವ ಹೊತ್ತಿಗೆ ತಂದೆ ಇವರ ಕಡೆ ತಿರುಗಿ, "ಬನ್ನಿ ಸಾರ್, ಒಂದ್ ಎಗ್ಲು ಕೊಡಿ," ಎಂದರು. ಹುಡುಗಿಯ ಸೋದರಮಾವ ಅಡ್ಡ ಬಂದು, "ಅವ್ರ್ ಯಾಕೆ ಬಾವ? ಬ್ಯಾಡ," ಎಂದ.

"ಇರ್ಲಿ ಬುಡು. ಅವ್ಳೇನ್ ಅವ್ರುನ್ನ ಬೈತಿರ್ಲಿಲ್ಲ," ಎಂದರು ತಂದೆ.

ಇವರು ಹೆಗಲು ಕೊಟ್ಟರು. ಗಲ್ಲಿಯ ತಿರುವಿನಲ್ಲಿ ಕಾಲು ತಡವರಿಸಿತು, ಪಕ್ಕದವರು ಆತುಕೊಂಡರು. ತಾಯಿ ಗೋಡೆಗೆ ಒರಗಿ ಕೂತಿದ್ದರು. ನಾನು ಹತ್ತಿರ ಹೋಗಿ ಕೂತೆ. ತುಂಬ ಹೊತ್ತಿನ ಮೇಲೆ ಅವರು, "ನೀವು ಒಂಟೋಗಿ, ಮಗಳು ಕಾಯ್ತಾ ಇರ್ತಾಳೆ," ಎಂದರು. ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ಆ ವಾರವೇ ಇವರು ಆಫೀಸಿಗೆ ಹೋಗಿ ಇನ್ನು ಹಾರುವುದಿಲ್ಲ ಎಂದು ಹೇಳಿಬಂದರು. ಯಾರೂ ತಡೆಯಲಿಲ್ಲ. ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ತರಬೇತಿ ಸಂಸ್ಥೆಯಲ್ಲಿ ಹೊಸಬರಿಗೆ ಹವಾಮಾನದ ಪಾಠ ಹೇಳುತ್ತಾರೆ. ಒಂದೊಂದು ದಿನ ಬಚ್ಚಲಲ್ಲಿ ಕಣ್ಣಿಗೆ ಸೋಪು ಹೋಗಿ ಮುಚ್ಚಿಕೊಂಡಾಗ ಗೋಡೆ ಹಿಡಿದುಕೊಳ್ಳುತ್ತಾರೆ. ವೈದ್ಯರು ಕಿವಿ ಚೆನ್ನಾಗಿದೆ ಎಂದಿದ್ದಾರೆ.

ಮೊನ್ನೆ ಕೋಪೈಲಟ್ ಹುಡುಗಿ ಫೋನ್ ಮಾಡಿದ್ದಳು. ಅವಳಿಗೆ ಕ್ಯಾಪ್ಟನ್ ಆಗಿ ಬಡ್ತಿ ಬಂದಿತ್ತು. ನಾನು ಅಡುಗೆ ಮಾಡುತ್ತಿದ್ದೆ, ಇವರು ಫೋನನ್ನು ಸ್ಪೀಕರ್‌ಗೆ ಹಾಕಿ ಊಟದ ಮೇಜಿನ ಮೇಲಿಟ್ಟಿದ್ದರು. ಅಭಿನಂದನೆ ಹೇಳಿದ ಮೇಲೂ ಅವಳು ಫೋನ್ ಇಡಲಿಲ್ಲ.

"ಸರ್, ನಾನು ಎರಡು ಸಲ ಹೇಳಿ ಆಮೇಲೆ ಕಂಟ್ರೋಲ್ ತಗೊಂಡೆ. ಮೊದಲನೇ ಸಲಕ್ಕೇ ತಗೊಂಡಿದ್ರೆ ಅವಳು ಅಷ್ಟ್ ಮೇಲಕ್ಕೆ ಹೋಗಿ ಬೀಳ್ತಿರಲಿಲ್ಲ ಅನ್ಸುತ್ತೆ."

"ಮೊದಲನೇ ಸಲಕ್ಕೆ ತಗೊಂಡಿದ್ರೆ ನಾನು ಬಿಟ್ಟುಕೊಡ್ತಿರಲಿಲ್ಲಮ್ಮ," ಎಂದರು ಇವರು. "ನಂಗೆ ಅಷ್ಟು ಖಾತ್ರಿ ಇತ್ತು."

ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಇವರೂ ಮೇಜಿನ ಅಂಚು ಹಿಡಿದು ಹಾಗೇ ಕೂತಿದ್ದರು. ಕುಕ್ಕರ್ ಕೂಗಿದರೆ ಅವರ ಮಾತಿಗೆ ಅಡ್ಡಿಯಾದೀತೆಂದು ನಾನು ಒಲೆ ಆರಿಸಿದೆ.