ಸಾಲಿಂ ತೋಟದ ಬಿಳಿ ಮೆಕ್ಕೆಜೋಳ

ಶುಕ್ರವಾರ ಬೆಳಿಗ್ಗೆ, ಒಮಾನಿನ ಬೌಷರಿನಲ್ಲಿರುವ ನನ್ನ ಫ್ಲ್ಯಾಟಿನ ಕೆಳಗೆ ಹಮೀದಾಕ ಪಿಕಪ್ ನಿಲ್ಲಿಸಿ ಹಾರನ್ ಹೊಡೆದರು. ಉಳ್ಳಾಲದ ಈ ಬ್ಯಾರಿ ಮತ್ರಾದಲ್ಲಿ ಕೋಳಿ, ಆಡುಗಳ ಮೇವಿನ ವ್ಯಾಪಾರಿ. ರುಸ್ತಾಕಿನ ಆಚೆ ಬೆಟ್ಟದ ಬುಡದಲ್ಲಿ ಅವರ ಹಳೆಯ ಗಿರಾಕಿ ಸಾಲಿಂ ಎಂಬ ಒಮಾನಿ ಮುದುಕರ ತೋಟವಿದೆ. ಆ ಮನೆತನದ ಬಿಳಿ ಮೆಕ್ಕೆಜೋಳವನ್ನು ಹೊಗಳಿ ಹೊಗಳಿ ಹಮೀದಾಕ ನನ್ನ ತಲೆ ತಿಂದಿದ್ದರು. ನಾನು ಓದಿದ್ದು ಕೃಷಿ, ಈಗ ನೋಡಿಕೊಳ್ಳುವುದು ಹೋಟೆಲುಗಳ ಹುಲ್ಲುಹಾಸು. ಒಂದು ಒಳ್ಳೆಯ ತೆನೆ ನೋಡುವ ಆಸೆಗೇ ಹೊರಟೆ.

ಬರ್ಕಾದವರೆಗೆ ಹೆದ್ದಾರಿ, ಅಲ್ಲಿಂದ ಒಳಗೆ ಬರೀ ಬೋಳು ಬೆಟ್ಟ. ದಾರಿಯಲ್ಲಿ ಪರೋಟ ತಿಂದು ಚಹಾ ಕುಡಿದೆವು. ಮೆಕ್ಸಿಕೋದ ಕಡೆಯ ರೈತರು ಕಾಡುಹುಲ್ಲೊಂದನ್ನು ತಲೆತಲಾಂತರ ಆರಿಸಿ ಪಳಗಿಸಿದ ಬೆಳೆ ಇದು, ಹಡಗು ಹತ್ತಿ ಲೋಕವೆಲ್ಲ ಸುತ್ತಿತು ಎಂದು ನಾನು ಕೊರೆದೆ. ಪಿಕಪ್ಪಿನ ಹಿಂಬದಿಯ ಚೀಲಗಳಲ್ಲಿದ್ದ ಕೋಳಿಮೇವಿನ ಹಳದಿ ಜೋಳ ಕುಲಾಂತರಿ. ಕಾಂಡ ಕೊರೆಯುವ ಹುಳ ಸಾಯಲೆಂದು ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಅದರಲ್ಲಿ ಸೇರಿಸಿದ್ದಾರೆ ಎಂದೂ ಹೇಳಿದೆ.

"ಕೋಳಿಗೆ ಎಂತ ಆಗುದಿಲ್ಲವಲ್ಲ ಶೆಟ್ರೆ?"

"ತಿಂದರೆ ತೊಂದರೆ ಇಲ್ಲ. ನಾಟಿ ತಳಿಯ ಹತ್ತಿರ ಬಿತ್ತಬಾರದು, ಅಷ್ಟೇ."

ಹಮೀದಾಕ ಗಾಡಿಯ ವೇಗ ತಗ್ಗಿಸಿದರು. "ಸಾಲಿಂ ಬಿತ್ತಿದ್ದಾರೆ ಮಾರಾಯ್ರೆ. ಕಾಳು ದಪ್ಪ ಉಂಟಂತ ನಾನೇ ಒಂದು ಹಿಡಿ ಕೊಟ್ಟದ್ದು."

ಸಾಲಿಂ ನಮ್ಮನ್ನು ಅಪ್ಪಿಕೊಂಡು, ಕಹ್ವಾ ಕಾಫಿ, ಖರ್ಜೂರ ಕೊಟ್ಟು, ನೇರ ಕಾಲುವೆಯ ಬದಿಗೆ ಕರೆದೊಯ್ದರು. ಕೊಯ್ಲು ಮುಗಿದಿತ್ತು. ಬಿಳಿ ಜೋಳದ ಪಕ್ಕದಲ್ಲೇ 'ಹಮೀದನ ಸಾಲು' ಹಾಕಿದ್ದರಂತೆ. ನಮಗೆ ತೋರಿಸಿ ತಿನ್ನಿಸಲೆಂದು ಸಿಪ್ಪೆ ಸಮೇತ ಬೇಯಿಸಿಟ್ಟಿದ್ದ ಬಿಳಿ ತಳಿಯ ತೆನೆಯೊಂದರ ಸಿಪ್ಪೆ ಸುಲಿದರು. ಬಿಳಿ ಕಾಳುಗಳ ನಡುವೆ ಅಲ್ಲಲ್ಲಿ ಹಳದಿ! ಗಾಳಿ ಹಳದಿ ಸಾಲಿನ ಪರಾಗವನ್ನು ತಂದು ಹಾಕಿತ್ತು. ಮುದುಕರಿಗೆ ಮಾತ್ರ ಹಿಗ್ಗೋ ಹಿಗ್ಗು.

ಊರಲ್ಲಿ ಈ ತಳಿ ಬೆಳೆಯುವವರು ಬೇರೆ ಯಾರೂ ಉಳಿದಿರಲಿಲ್ಲ. ಆದರೂ ನನಗೆ ಧೈರ್ಯವಿತ್ತು. "ಬೆರಕೆಯಾದದ್ದು ಹಳದಿ ಕಾಳು ಮಾತ್ರ. ಬಿಳಿ ಕಾಳನ್ನಷ್ಟೇ ಆರಿಸಿ ಬೀಜಕ್ಕಿಟ್ಟರೆ ತಳಿ ಉಳಿದೀತು, ಹೇಳಿ" ಎಂದೆ. ಹಮೀದಾಕರ ಮುಖ ಅರಳಿತು. ಅರಬಿಯಲ್ಲಿ ಗಡಿಬಿಡಿಯಿಂದ ಹೇಳಿದರು.

ಸಾಲಿಂ ಮನೆಯೊಳಗಿಂದ ಬೀಜದ ಡಬ್ಬಿ ತಂದರು. ಅದರಲ್ಲಿದ್ದದ್ದು ಪೂರ್ತಿ ಹಳದಿ. ಮುದುಕರ ಮಾತನ್ನು ಹಮೀದಾಕ ನನಗೆ ತಿಳಿಸಿದರು: "ಗೆಳೆಯ ಕೊಟ್ಟ ಕಾಳಿನ ಗುರುತು ಅಂತ ಹಳದಿಯನ್ನೇ ಬೀಜಕ್ಕೆ ಆರಿಸಿದ್ರಂತೆ. ಬಿಳಿಯದ್ದು ಖಲಾಸ್. ನಾವು ಬರ್ತೇವೆ ಅಂತ ಕೊನೆಯದ್ದನ್ನು ನಿನ್ನೆ ರೊಟ್ಟಿಗೆ ಬೀಸಿದ್ದಂತೆ."

"ಈ ಹಳದಿಯಿಂದ ಬಿಳಿಯನ್ನು ವಾಪಸ್ ತೆಗಿಲಿಕ್ಕೆ ಆಗುದಿಲ್ವಾ ಶೆಟ್ರೆ?" ಎಂದು ಅವರೇ ಮತ್ತೆ ಕೇಳಿದರು.

"ಬಣ್ಣ ಬಂದೀತು ಹಮೀದಾಕ. ಬೆರಕೆಯಾದ ಮೇಲೆ ಹಳೆಯ ತಳಿ ಬರುವುದಿಲ್ಲ."

ಅಷ್ಟರಲ್ಲಿ ಸಾಲಿಂ ಅವರ ಹೆಂಡತಿ ಬಿಸಿ ರೊಟ್ಟಿ, ಜೇನು ಕಳಿಸಿದರು. ಬೇಡವೆನ್ನುವುದು ಹೇಗೆ? ರೊಟ್ಟಿ ಮೆತ್ತಗಿತ್ತು, ಬಹಳ ರುಚಿಯಾಗಿತ್ತು. ಅಷ್ಟು ರುಚಿಯಾಗಿದ್ದದ್ದೇ ನನಗೆ ಸಂಕಟವಾಯಿತು.

ಹೊರಡುವಾಗ ಸಾಲಿಂ ಪಿಕಪ್ಪಿನ ಕಿಟಕಿಗೆ ಬಗ್ಗಿ, ಹಮೀದಾಕರ ಹೆಗಲು ತಟ್ಟಿ ಸಮಾಧಾನ ಹೇಳಿದರು; ಅಷ್ಟು ಅರಬಿ ನನಗೂ ತಿಳಿಯಿತು: "ಅದಕ್ಕೇಕೆ ಅಷ್ಟು ಚಿಂತೆ? ಮತ್ರಾದಲ್ಲಿ ನಿನ್ನ ಅಂಗಡಿಯಿದೆಯಲ್ಲ. ಮುಂದಿನ ಸಲ ಬರುವಾಗ ಒಂದು ಹಿಡಿ ಬಿಳಿಯದನ್ನು ತಂದುಕೊಡು."

"ಇನ್‌ಶಾ ಅಲ್ಲಾಹ್" ಎಂದು ಹಮೀದಾಕ ಗಾಡಿ ಹೊರಡಿಸಿದರು. ತಿರುಗಿ ನೋಡಿದರೆ, ಮುದುಕರು ಗೇಟಿನ ಬಳಿ ನಿಂತು ನಗುತ್ತಾ ಕೈ ಬೀಸುತ್ತಿದ್ದರು.