ಊರಿಗಾಂಗೆ ಮಗಳನ್ನು ಕರೆತರಲು ಹೋದದ್ದು

ಬೆಂಗಳೂರಿನಲ್ಲಿ ವಿಮಾನ ಇಳಿದ ದಿನವೇ ಮಾರಿಕುಪ್ಪಂ ಕಡೆಗೆ ಹೋಗುವ ಮಧ್ಯಾಹ್ನದ ರೈಲು ಹಿಡಿದೆ. ನ್ಯೂಜಿಲೆಂಡಿನ ದಕ್ಷಿಣ ತುದಿಯಿಂದ ಇಲ್ಲಿಗೆ ಬರಲು ಮೂರು ವಿಮಾನ ಬದಲಿಸಿದ್ದೆ. ಅಲ್ಲಿ ಹೊರಡುವಾಗ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಇಲ್ಲಿ ಮೇ ತಿಂಗಳ ಬಿಸಿಲಿಗೆ ಬೋಗಿಯ ಕಿಟಕಿ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಟಿಕೆಟ್ಟಿಗೆ ಮೂವತ್ತು ರೂಪಾಯಿಯೂ ಆಗಲಿಲ್ಲ. ವೈಟ್‌ಫೀಲ್ಡಿನಲ್ಲಿ ಜನ ತುಂಬಿಕೊಂಡರು, ಮಾಲೂರು ದಾಟಿದ ಮೇಲೆ ಸ್ವಲ್ಪ ಸಡಿಲವಾಯಿತು. ನನ್ನ ಮಡಿಲಲ್ಲಿ ಮಗಳು ಪವಿತ್ರಳಿಗೆಂದು ತಂದ ದಪ್ಪ ಉಣ್ಣೆಯ ಕೋಟು ಇತ್ತು. ಎದುರು ಕೂತ ಹೆಂಗಸು ಅದನ್ನು ನೋಡಿ, "ಈ ಬಿಸ್ಲಲ್ಲಿ ಕಂಬ್ಳಿ ಯಾಕಮ್ಮಾ?" ಎಂದು ನಕ್ಕಳು. ಮಗಳನ್ನು ಚಳಿ ದೇಶಕ್ಕೆ ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದೆ. ಈ ಮಾತು ಹೇಳಲು ಏಳು ವರ್ಷ ಕಾದಿದ್ದೆ.

ನಾನೂ ನನ್ನ ಗಂಡ ಮುನಿರಾಜುವೂ ಕಾಮಸಮುದ್ರದ ಕಡೆಯವರು. ಹಸು ಕಟ್ಟಿ, ಡೈರಿಗೆ ಹಾಲು ಹಾಕಿ ಬೆಳೆದ ಮನೆಗಳು ನಮ್ಮವು. ನ್ಯೂಜಿಲೆಂಡಿನ ಫಾರಂಗಳಲ್ಲಿ ಹಾಲು ಕರೆಯಲು ಜನ ಬೇಕಂತೆ ಎಂದು ತಿಳಿದು ಮುನಿರಾಜು ಮೊದಲು ಹೋದ, ವರ್ಷದೊಳಗೆ ನಾನೂ ಹೋದೆ. ಅವನಿಗೆ ಬರುತ್ತಿದ್ದ ಸಂಬಳಕ್ಕೆ ಮಗುವನ್ನು ಕರೆಸಿಕೊಳ್ಳಲು ಅಲ್ಲಿಯ ನಿಯಮ ಬಿಡುತ್ತಿರಲಿಲ್ಲ. ಒಂಬತ್ತು ವರ್ಷದ ಪವಿತ್ರಳನ್ನು ಊರಿಗಾಂನಲ್ಲಿದ್ದ ನನ್ನ ಅಕ್ಕ ರತ್ನಳ ಹತ್ತಿರ ಬಿಟ್ಟೆವು. ಅಕ್ಕನಿಗೆ ಮಕ್ಕಳಿರಲಿಲ್ಲ.

ಆಮೇಲೆ ಅಲ್ಲಿ ಊರಿಂದ ಊರಿಗೆ ಮನೆ ಬದಲಿಸಿದ್ದೇ ನಮ್ಮ ಬದುಕಾಯಿತು. ಆಕ್ಲೆಂಡಿನಲ್ಲಿ ಗುರುತಿಲ್ಲದವರ ಜೊತೆ ಒಂದು ಕೋಣೆ. ಹ್ಯಾಮಿಲ್ಟನ್ ಹತ್ತಿರ ಗೋಡೆಯೆಲ್ಲ ಬೂಷ್ಟು ಹಿಡಿದ ಮನೆ. ಇನ್ನೊಂದು ಕಡೆ ಮನೆ ಚೆನ್ನಾಗಿತ್ತು, ಶಾಲೆ ಮಾತ್ರ ಒಂದು ಗಂಟೆಯ ದಾರಿ. ಮನೆ ನೋಡಲು ಹೋದಾಗಲೆಲ್ಲ ಮುನಿರಾಜು ಶಾಲೆ ಎಲ್ಲಿದೆ ಎಂದು ಕೇಳುತ್ತಿದ್ದ. ನಾನು ಉತ್ತರಕ್ಕೆ ಕಿಟಕಿ ಇದೆಯೇ ಎಂದು ನೋಡುತ್ತಿದ್ದೆ. ಆ ದೇಶದಲ್ಲಿ ಬಿಸಿಲು ಉತ್ತರದಿಂದ ಒಳಗೆ ಬರುತ್ತದೆ. ಕೊನೆಗೆ ಇನ್ವರ್‌ಕಾರ್ಗಿಲ್ ಹತ್ತಿರದ ಒಂದು ಫಾರಂನಲ್ಲಿ ಎಲ್ಲವೂ ಕೂಡಿ ಬಂತು. ಕೆಲಸದ ಜೊತೆಗೇ ಮೂರು ಕೋಣೆಯ ಮನೆ, ಗೇಟಿನ ಮುಂದೆ ಶಾಲೆಯ ಬಸ್ಸು, ಮುನಿರಾಜುವಿಗೆ ಬಡ್ತಿ. ಪವಿತ್ರಳ ವೀಸಾ ಕೂಡ ಬಂತು. ಉತ್ತರದ ಕೋಣೆಯನ್ನು ಅವಳಿಗೆ ಗುಡಿಸಿಟ್ಟು ನಾನು ಹೊರಟೆ.

ಬಂಗಾರಪೇಟೆಯಲ್ಲಿ ರೈಲು ಬಹಳ ಹೊತ್ತು ನಿಂತಿತು. ಬುಟ್ಟಿಯವನ ಹತ್ತಿರ ಬಾದಾಮಿ ಮಾವು ಕೊಂಡೆ. ಅಲ್ಲಿಂದ ಊರಿಗಾಂ ದೂರವೇನಲ್ಲ, ಆದರೆ ರೈಲು ಆ ಕವಲು ಹಳಿಯ ಮೇಲೆ ಆಯಾಸಗೊಂಡವರ ಹಾಗೆ ಹೋಗುತ್ತದೆ. ಕೋರಮಂಡಲ್ ದಾಟಿದ ಮೇಲೆ ಮುಚ್ಚಿಹೋದ ಚಿನ್ನದ ಗಣಿಯ ಮಣ್ಣಿನ ಬೂದು ಗುಡ್ಡಗಳು ಕಂಡವು. ಗಾಳಿಗೆ ಅದರ ಪುಡಿ ಎದ್ದು ಬೋಗಿಯೊಳಗೆಲ್ಲ ಬಂತು, ಎಲ್ಲರೂ ಸೆರಗು, ಟವಲು ಮೂಗಿಗೆ ಹಿಡಿದರು.

ಊರಿಗಾಂ ಸ್ಟೇಷನ್ನಿಗೆ ಅಕ್ಕ, ಪವಿತ್ರ ಇಬ್ಬರೂ ಬಂದಿದ್ದರು. ಎರಡು ವರ್ಷದ ಕೆಳಗೆ ನೋಡಿದ್ದ ಹುಡುಗಿ ಈಗ ನನಗಿಂತ ಎತ್ತರವಾಗಿದ್ದಳು. ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ನನ್ನ ಪೆಟ್ಟಿಗೆ ಎತ್ತಿಕೊಂಡು, ಆಟೋದವನ ಜೊತೆ ತಮಿಳಿನಲ್ಲಿ ಚೌಕಾಸಿ ಮಾಡಿ, ನನ್ನ ಕಡೆ ತಿರುಗಿ, "ಕುಂತ್ಕೋ ಅಮ್ಮ, ಮಧ್ಯ ನೀನು" ಎಂದಳು. ದಾರಿಯುದ್ದಕ್ಕೂ ಅವಳ ತೋಳು ನನ್ನ ತೋಳಿಗೆ ತಾಗಿತ್ತು. ಅಷ್ಟಕ್ಕೇ ನನಗೆ ಕಣ್ಣು ತುಂಬಿತು.

ಅಕ್ಕನ ಮನೆ ಹಳೆಯ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ ಒಂದು. ಬಾಡಿಗೆಗೆ ಇದ್ದರು. ಒಳಗೆ ಕಾಲಿಟ್ಟರೆ ಪಾತ್ರೆಗಳೆಲ್ಲ ಗೋಣಿಚೀಲದಲ್ಲಿ, ಗೋಡೆಯ ದೇವರ ಪಟಗಳೂ ಇಳಿದಿದ್ದವು. ಭಾವ ವರ್ಷಾನುಗಟ್ಟಲೆ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದವರು. ಈಗ ಅಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲು ಕೆಲಸ ಸಿಕ್ಕಿತ್ತು. ಇರಲು ಮೆಟ್ಟಿಲ ಕೆಳಗೆ ಒಂದು ಕೋಣೆ. ಗಂಡ ಕಾವಲಿಗೆ, ಹೆಂಡತಿ ಮೆಟ್ಟಿಲು ಒರೆಸಲು, ಇಬ್ಬರೇ ಇರಬೇಕು ಎಂದು ಮಾತಾಗಿತ್ತು.

"ಮಗಾ ನಿನ್ ಜೊತೆ ಓಯ್ತದೆ ಅಂತ ಗೊತ್ತಾದ್ಮ್ಯಾಕೇ ನಾವು ಊಂ ಅಂದಿದ್ದು" ಎಂದಳು ಅಕ್ಕ. "ಇಲ್ದಿದ್ರೆ ಈ ವಯಸ್ಸಲ್ಲಿ ಯಾಕೆ ಬೇಕಾಗಿತ್ತು? ಭಾನ್ವಾರ ಈ ಮನೆಗೆ ಬ್ಯಾರೆಯೋರು ಬತ್ತಾರೆ."

ಸಂಜೆ ಮಾವು ಹೆಚ್ಚಿಕೊಂಡು ತಿನ್ನುವಾಗ ಪವಿತ್ರ ಒಂದೊಂದಾಗಿ ಕೇಳಿದಳು. ಅಲ್ಲಿ ಕನ್ನಡ ಮಾತಾಡುವವರು ಇದ್ದಾರಾ, ಪಕ್ಕದ ಮನೆ ಎಷ್ಟು ದೂರ, ಹಸುಗಳು ಹಾಯುತ್ತವಾ. ಮನೆಯ ಫೋಟೋ ತೋರಿಸಿದೆ. ಅವಳ ಕೋಣೆಯದನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದಳು.

"ನಂಗೆ ಅಲ್ಲಿ ಇಡಿಸ್ಲಿಲ್ಲ ಅಂದ್ರೆ?"

"ಇಡಿಸ್ತದೆ ಕಣೇ."

"ಇಡಿಸ್ಲಿಲ್ಲ ಅಂದ್ರೆ ವಾಪಸ್ ಬರೋಕೆ ಈ ಮನೆ ಇರಲ್ಲ. ಅದ್ಕೇ ಕೇಳ್ದೆ" ಎಂದಳು. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ಕೋಟು ಹಾಕಿಕೊಂಡು ನಿಂತಳು. ಬೆವರು ಇಳಿಯುತ್ತಿದ್ದರೂ ತೆಗೆಯಲಿಲ್ಲ. ಅಕ್ಕ ನಗುತ್ತಾ ಅವಳ ಕಾಲರ್ ಸರಿಮಾಡಿದಳು.

ಮರುದಿನ ನಾನೂ ಪವಿತ್ರಳೂ ಪಕ್ಕದ ಗಣಿ ಬಡಾವಣೆಯಾದ ಚಾಂಪಿಯನ್ ರೀಫ್ಸಿಗೆ ಹೋದೆವು. ಅಲ್ಲಿ ಪವಿತ್ರಳಿಗೆ ಟ್ಯೂಷನ್ ಹೇಳಿಕೊಟ್ಟ ಸೆಲ್ವಿಯಕ್ಕ ಇದ್ದರು. ಅವರ ತಂದೆ ಗಣಿಯಲ್ಲಿ ಕೆಲಸ ಮಾಡಿದವರು. ಗಣಿ ಮುಚ್ಚಿದ ಮೇಲೂ ಗಣಿಯವರು ಕೊಟ್ಟಿದ್ದ ಮನೆ ಬಿಟ್ಟಿರಲಿಲ್ಲ. ತಗಡಿನ ಮಾಡಿನ ಕೆಳಗೆ ಇಡ್ಲಿ, ಮೀನಿನ ಕೊಳಂಬು ಸಾರು ಕೊಟ್ಟರು. "ನಮ್ ಅಪ್ಪಾ ಸಾಯೋ ಗಂಟಾ ಯೇಳ್ತಿದ್ರು ಮಾ, ಮೈನ್ ತಿರ್ಗಾ ಓಪನ್ ಆಗ್ತದೆ, ಎಲ್ಲೂ ಓಗ್ಬೇಡಿ ಅಂತ" ಎಂದು ಪವಿತ್ರಳ ತಲೆ ಸವರಿದರು. "ನೀ ಓಗು ಕಣ್ಣು. ಇಲ್ಲಿ ಯಾರೂ ಇರಬಾರ್ದು."

ಹಿಂತಿರುಗುವಾಗ ಮುಳ್ಳುಗಿಡ ಬೆಳೆದ ಹಳೆಯ ಗಣಿಬಾವಿಯ ಬೇಲಿಯ ಹತ್ತಿರ ಫೋನ್ ಬಂತು. ಮುನಿರಾಜು. ಅಲ್ಲಿ ಆಗ ಸಂಜೆ ಕಳೆದಿರಬೇಕು.

"ಯಶೋದಾ, ಫಾರಂ ಮಾರ್ಬಿಟ್ರು" ಎಂದ. ಮೊದಲು ನನಗೆ ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ. ಕೊಂಡವರು ತಮ್ಮ ಜನರನ್ನೇ ಕರೆತರುತ್ತಾರಂತೆ. ಈ ತಿಂಗಳು ಮುಗಿದರೆ ಕೆಲಸ ಇಲ್ಲ, ಕೆಲಸದ ಜೊತೆ ಕೊಟ್ಟ ಮನೆಯೂ ಇಲ್ಲ. ನಮ್ಮಿಬ್ಬರ ವೀಸಾ, ಪವಿತ್ರಳ ವೀಸಾ ಎಲ್ಲ ನಿಂತದ್ದು ಆ ಕೆಲಸದ ಮೇಲೆ.

"ಕರ್ಕಂಡು ಬಂದ್ಬಿಡ್ಲಾ? ಬಂದ್ಮ್ಯಾಲೆ ನೋಡಣ" ಎಂದೆ.

"ಎಲ್ಲಿಗೆ ಕರ್ಕಂಡು ಬತ್ತೀಯಾ?" ಎಂದ ಅವನು. "ಸ್ನೇಹಿತನ ಗ್ಯಾರೇಜಲ್ಲಿ ಮಲಗ್ತೀನಿ ನಾನು. ಬ್ಯಾರೆ ಕೆಲ್ಸ ಸಿಗ್ಲಿಲ್ಲ ಅಂದ್ರೆ ಮೂರೂ ಜನಾನೂ ವಾಪಸ್ ಕಳಿಸ್ತಾರೆ. ಆ ಕೂಸ್ನ ಅಷ್ಟು ದೂರ ಎಳ್ಕಂಡು ಬಂದು ತಿರ್ಗಾ ಎಳ್ಕಂಡು ಓಗೋದಾ?" ಹೀಗೆ ಹೇಳಿ ಅವನು ಅಳತೊಡಗಿದ. ಅಷ್ಟು ವರ್ಷದಲ್ಲಿ ಅವನು ಅತ್ತದ್ದು ನಾನು ಕೇಳಿರಲಿಲ್ಲ.

ಪವಿತ್ರ ನಾಲ್ಕು ಹೆಜ್ಜೆ ಮುಂದೆ ನಿಂತು ಕಾಯುತ್ತಿದ್ದಳು. ಮನೆಗೆ ಹೋಗಿ ಹೇಳೋಣವೆಂದುಕೊಂಡೆ, ಆಗಲಿಲ್ಲ. ಅಲ್ಲೇ ರಸ್ತೆಯಲ್ಲಿ ಹೇಳಿಬಿಟ್ಟೆ. ಅವಳು "ಬಿಸ್ಲು ಜಾಸ್ತಿ ಆಯ್ತದೆ, ನಡಿ" ಎಂದು ಮುಂದೆ ಮುಂದೆ ನಡೆದಳು. ಮನೆ ಸೇರಿದವಳೇ ಒಳಗೆ ಹೋಗಿ, ಕಟ್ಟಿಟ್ಟಿದ್ದ ತನ್ನ ಚೀಲ ಬಿಚ್ಚಿ ಬಟ್ಟೆಗಳನ್ನು ಹೊರಗಿಟ್ಟಳು. ಇಡಲು ಬೀರು ಇರಲಿಲ್ಲ. ಅದನ್ನು ಆಗಲೇ ಮಾರಿದ್ದರು. ಬಟ್ಟೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಅವುಗಳ ಮುಂದೆ ಕೂತಳು.

ಅಕ್ಕ ಕೇಳಿದ ಕೂಡಲೇ, "ನಾನಿಲ್ಲೇ ಇರ್ತೀನಿ, ಅವ್ರೊಬ್ರೇ ಓಗ್ಲಿ" ಎಂದಳು. ಗೋಡೆಗೊರಗಿ ಕೂತಿದ್ದ ಭಾವ ತಲೆ ತಗ್ಗಿಸಿದರು. ಗಂಡ ಹೆಂಡತಿ ಇಬ್ಬರೂ ಬರುವುದಾದರೆ ಮಾತ್ರ ಕೆಲಸ ಎಂದು ಅಲ್ಲಿಯವರು ಹೇಳಿದ್ದು ಅಕ್ಕನಿಗೂ ಗೊತ್ತಿತ್ತು. ಹಳೆಯ ಕೆಲಸವನ್ನು ಭಾವ ಬಿಟ್ಟಾಗಿತ್ತು. "ಇನ್ನೊಂದ್ ವಾರ ಮುಂಚೆ ಗೊತ್ತಾಗಿದ್ರೆ" ಎಂದು ಒಮ್ಮೆ ಅಂದರು. ಆ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ.

ಉಳಿದದ್ದು ನನ್ನ ತಮ್ಮನ ಮನೆ. ಶುಕ್ರವಾರ ಬೆಳಿಗ್ಗೆ ಬಂಗಾರಪೇಟೆಗೆ ಬಂದು ಪವಿತ್ರಳೊಡನೆ ಕಾಮಸಮುದ್ರದ ಸರ್ಕಾರಿ ಬಸ್ಸು ಹತ್ತಿದೆ. ಕಂಡಕ್ಟರು, "ಆಧಾರ್ ತೋರ್ಸಿ, ಎಂಗಸ್ರಿಗೆ ಫ್ರೀ" ಎಂದ. ಪವಿತ್ರ ತೋರಿಸಿದಳು. ನನ್ನದು ನ್ಯೂಜಿಲೆಂಡಿನ ಮನೆಯ ಪೆಟ್ಟಿಗೆಯೊಂದರಲ್ಲಿತ್ತು. ಕಾಸು ಕೊಟ್ಟೆ. ಮುಕ್ಕಾಲು ಗಂಟೆಯ ದಾರಿ. ಎರಡೂ ಕಡೆ ಮಾವಿನ ತೋಪು, ಟೊಮೇಟೊ ಹೊಲ. ಬಸ್ಸಿನಲ್ಲಿ ಅರ್ಧ ಜನ ತೆಲುಗು ಮಾತಾಡುತ್ತಿದ್ದರು. ಪವಿತ್ರ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ತಮ್ಮ ನಾರಾಯಣಸ್ವಾಮಿ ಹಸುಗಳಿಗೆ ನೀರು ಕುಡಿಸುತ್ತಿದ್ದ. ವಿಷಯ ಕೇಳಿ, "ಪರ್ವಾಲೇದು ಬಿಡಕ್ಕಾ, ಇಲ್ಲೇ ಇರ್ಲಿ. ನಮ್ ಮಕ್ಕಳ ಜೊತೆ ಇದೂ ಒಂದು" ಎಂದ. ಅದು ಅವನ ಮನಸ್ಸಿನ ಮಾತೇ. ಆದರೆ ಅವನ ಹೆಂಡತಿ ಸುಜಾತ ಮುದ್ದೆ ತೊಳಸುತ್ತಿದ್ದವಳು ಕೈ ನಿಲ್ಲಿಸಿದಳು, ಆಮೇಲೆ ಮತ್ತೆ ಜೋರಾಗಿ ತೊಳಸತೊಡಗಿದಳು. ಎರಡು ಕೋಣೆಯ ಮನೆ, ಮೂರು ಮಕ್ಕಳು, ಲಕ್ವ ಹೊಡೆದು ಮಲಗಿದ್ದ ಅವಳ ತಾಯಿ. ಅವಳನ್ನು ನಾನು ಏನೆಂದು ದೂರಲಿ? ಊಟಕ್ಕೆ ಕೂತಾಗ ಅವಳು ಪವಿತ್ರಳಿಗೇ ಮೊದಲು ಬಡಿಸಿದಳು, ತುಪ್ಪವನ್ನೂ ಹಾಕಿದಳು. ಪವಿತ್ರ ತಟ್ಟೆ ಖಾಲಿ ಮಾಡಿ, ತೊಳೆದಿಟ್ಟು, ಕೊಟ್ಟಿಗೆಯ ಹತ್ತಿರ ಇದ್ದ ನನ್ನ ಬಳಿಗೆ ಬಂದಳು.

"ಅಮ್ಮ, ಬಂಗಾರ್‌ಪೇಟೆಲಿ ಕಾಲೇಜಿನ್ ಉಡ್ಗೀರ ಆಸ್ಟೆಲ್ ಐತೆ. ನನ್ ಕ್ಲಾಸಿನೋರು ಇಬ್ರು ಸೇರ್ಕಂತಾವ್ರೆ. ನನ್ನೂ ಅಲ್ಲೇ ಆಕ್ಬಿಡು."

"ಮಾವ ಇಲ್ಲೇ ಇರು ಅಂತಾವ್ನಲ್ಲೇ."

"ಯಾರ್ ಮನೇನೂ ಬ್ಯಾಡ" ಎಂದಳು. ಕೋಪದಿಂದ ಹೇಳಿದ್ದರೆ ನಾನು ಸಮಾಧಾನ ಮಾಡಬಹುದಿತ್ತು. ಅವಳು ಬಹಳ ಯೋಚಿಸಿ ತೀರ್ಮಾನಿಸಿದವಳ ಹಾಗೆ, ಮೆತ್ತಗೆ ಹೇಳಿದಳು. ನಾವು ಇಬ್ಬರು ದೊಡ್ಡವರು ಏಳು ವರ್ಷ ಊರೂರು ಅಲೆದು ಮಾಡಲಾಗದ ಆಯ್ಕೆಯನ್ನು ಹದಿನಾರರ ಹುಡುಗಿ ಸಗಣಿಯ ಬುಟ್ಟಿಯ ಪಕ್ಕದಲ್ಲಿ ನಿಂತು ಮಾಡಿ ಮುಗಿಸಿದಳು.

ಶನಿವಾರ ಊರಿಗಾಂನಿಂದ ಅವಳ ಬಟ್ಟೆಬರೆ ತಂದೆವು. ಅಕ್ಕ ಬಂಗಾರಪೇಟೆಯವರೆಗೆ ಬಂದಳು; ಹಾಸ್ಟೆಲಿನೊಳಗೆ ಬರಲು ಅವಳಿಂದಾಗಲಿಲ್ಲ, ಬೀದಿಯ ಬೇವಿನ ಮರದ ಕೆಳಗೆ ಕೂತುಬಿಟ್ಟಳು. ಹಾಸ್ಟೆಲು ರೈಲು ಹಳಿಯ ಪಕ್ಕದ ಮೂರಂತಸ್ತಿನ ಕಟ್ಟಡ. ಕಾಲೇಜು ಶುರುವಾಗುವ ಮುಂಚೆಯೇ ಇರಬಹುದು ಎಂದು ವಾರ್ಡನ್ ಒಪ್ಪಿದರು. "ಇಲ್ಲಿ ಗಾರ್ಡಿಯನ್ ಯಾರು?" ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಪವಿತ್ರ, "ನಾರಾಯಣಸ್ವಾಮಿ, ನಮ್ ಮಾವ" ಎಂದಳು. ಒಂದು ಕೋಣೆಗೆ ಆರು ಮಂಚ. ಹಾಸಿಗೆ ಹಾಸಿಕೊಡಲು ಹೋದೆ. "ನಾನೇ ಆಸ್ಕಂತೀನಿ ಬಿಡು" ಎಂದಳು. ಕೋಟನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಮುಂದಿನ ವರ್ಷ ಬೇಕಾಗುತ್ತದೆ, ಇಟ್ಟುಕೋ ಎಂದರೆ, "ಇಲ್ಲಿ ಜಾಗ ಇಲ್ಲ" ಎಂದಳು.

ಗೇಟಿನವರೆಗೆ ಬಂದಳು. ಅಪ್ಪ ಕೆಲಸ ಹುಡುಕುತ್ತಿದ್ದಾನೆ, ಮನೆ ಸಿಕ್ಕ ಕೂಡಲೇ ಫೋನ್ ಮಾಡುತ್ತೇನೆ ಎಂದೆ.

"ಮನೆ ಸಿಕ್ಕಿದ್ರೆ ನಂಗ್ ಯೇಳ್ಬೇಡಮ್ಮ."

"ಮತ್ತೆ?"

"ಯೇಳಿದ್ರೆ ನಾನು ಕಾಯ್ತೀನಿ" ಎಂದಳು. ನಾನು ಕೈ ಚಾಚುವಷ್ಟರಲ್ಲಿ ಒಳಗಿನಿಂದ ಯಾರೋ ಹುಡುಗಿ ಕೂಗಿದಳು, ಅವಳು ಓಡಿಹೋದಳು.

ಇನ್ನೆರಡು ದಿನ ತಮ್ಮನ ಮನೆಯಲ್ಲಿದ್ದೆ. ಮತ್ತೆ ಹೋಗಿ ಅವಳನ್ನು ನೋಡಲು ಧೈರ್ಯ ಬರಲಿಲ್ಲ, ಅವಳೂ ಬಾ ಎನ್ನಲಿಲ್ಲ. ಅಲ್ಲಿ ನಾವಿಬ್ಬರೂ ಸೇರಿ ಬೇರೆ ಕೆಲಸ ಹುಡುಕದಿದ್ದರೆ ವೀಸಾ ಉಳಿಯುತ್ತಿರಲಿಲ್ಲ. ಇಬ್ಬರಿಗೆಂದು ಮಾಡಿಸಿದ್ದ ಟಿಕೆಟ್ಟಿನಲ್ಲಿ ಒಬ್ಬಳೇ ಹಿಂತಿರುಗಬೇಕಾಗಿತ್ತು. ಸೋಮವಾರ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಹತ್ತಿದಾಗ ರಾತ್ರಿಯ ಮಳೆಗೆ ಪ್ಲಾಟ್‌ಫಾರಂ ಇನ್ನೂ ಒದ್ದೆಯಾಗಿತ್ತು. ಕೂರಲು ಜಾಗ ಸಿಗದೆ ಬಾಗಿಲಲ್ಲಿ ನಿಂತೆ. ರೈಲು ಹೊರಟ ಸ್ವಲ್ಪ ಹೊತ್ತಿಗೇ ಹಾಸ್ಟೆಲಿನ ತಾರಸಿ ಕಂಡಿತು. ಅಲ್ಲಿ ಯಾರೂ ಇರಲಿಲ್ಲ. ತಂತಿಯ ತುಂಬ ಹುಡುಗಿಯರ ಬಟ್ಟೆಗಳು ಒಣಗುತ್ತಿದ್ದವು. ಕಟ್ಟಡ ಮರೆಯಾಗುವವರೆಗೂ ಕಣ್ಣಿಟ್ಟು ನೋಡಿದೆ. ಅವುಗಳಲ್ಲಿ ನನ್ನ ಮಗಳ ಬಟ್ಟೆ ಯಾವುದು ಎಂದು ನನಗೆ ಗೊತ್ತಾಗಲಿಲ್ಲ.